ಅರ್ಧ ಸುತ್ತಿಗಿಂತ ಕಡಿಮೆ

ಮಾಳಿಗೆಯ ಮೇಲೆ ಮಿಸ್ತ್ರಿ ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ನಿಂತಿದ್ದ. ಹಿಡಿಕೆ ಅವನೇ ಮಾಡಿದ್ದು. ಆಂಟೆನಾ ತಿರುಗಿಸುವ ಮೋಟಾರು ಸುಟ್ಟು ನಾಲ್ಕು ದಿನವಾಗಿತ್ತು. ಹೊಸದು ಬರುವ ತನಕ ಕಾಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ವರ್ಕ್‌ಶಾಪಿನ ಹಿಂದೆ ಗುಜರಿಗೆ ಬಿದ್ದಿದ್ದ ಬಿತ್ತನೆ ಯಂತ್ರದಿಂದ ಎರಡು ಹಲ್ಲುಗಾಲಿ ಬಿಚ್ಚಿ ತಂದು, ಸೀಮೆಎಣ್ಣೆಯಲ್ಲಿ ತೊಳೆದು, ಆಂಟೆನಾದ ಕಂಬಕ್ಕೆ ಕೂಡಿಸಿದ್ದ. ಕಂಬದ ಬುಡಕ್ಕೆ ಬಿಳಿ ಬಣ್ಣದಲ್ಲಿ ಸುತ್ತಲೂ ದಿಕ್ಕಿನ ಅಂಕಿ ಬರೆದಿದ್ದ. ಮೀನಿನ ಮುಳ್ಳಿನಂಥ ಆ ಉದ್ದನೆಯ ಆಂಟೆನಾ ಈಗ ಅವನ ಕೈ ಹೇಳಿದಂತೆ ಕೇಳುತ್ತಿತ್ತು.

"ನಲವತ್ತು... ನಲವತ್ತೈದು... ನಿಧಾನ ಮಾವ! ಅದಿನ್ನೂ ಅಲ್ಲಿಗೆ ಬಂದಿಲ್ಲ, ನೀವಾಗಲೇ ಹೋಗ್ಬಿಟ್ರಿ."

"ಓಡೋ ವಯಸ್ಸಾ ತಾಯಿ ನಂದು? ಕೈ ತಾನಾಗೇ ಹೋಗುತ್ತೆ."

ಮೆಟ್ಟಿಲು ಮುಗಿಯುವ ಕಡೆ ಇದ್ದ ಪುಟ್ಟ ಕೋಣೆಯಿಂದ ಕೂಗುತ್ತಿದ್ದವಳು ಚೂಟಿ. ಆ ಹೆಸರು ಇಟ್ಟವನೂ ಮಿಸ್ತ್ರಿಯೇ. ಮೂರು ವರ್ಷದ ಹಿಂದೆ ಈ ಕೃಷಿ ಕಾಲೇಜಿಗೆ ಸಂಶೋಧನೆಗೆಂದು ಬಂದ ಮೊದಲ ವಾರದಲ್ಲೇ ಅವಳು ಲೇತ್ ಯಂತ್ರದ ಹತ್ತಿರ ಓಡಾಡುವುದನ್ನು ನೋಡಿ, ಇವಳ ಹಿಂದೆ ಒಬ್ಬರು ಕಾವಲಿಗಿರಬೇಕು ಎಂದು ರೇಗಿದ್ದ. ಆಮೇಲೆ ವಿಭಾಗಕ್ಕೆಲ್ಲ ಅವಳು ಚೂಟಿಯಾದಳು, ಅವಳಿಗೆ ಇವನು ಮಾವನಾದ.

ಅವರು ಹುಡುಕುತ್ತಿದ್ದುದು ತಲೆಯ ಮೇಲೆ ಎಷ್ಟೋ ನೂರು ಮೈಲಿ ಎತ್ತರದಲ್ಲಿ ಹಾದುಹೋಗುವ ಒಂದು ಡಬ್ಬಿಯನ್ನು. ಎರಡು ಇಟ್ಟಿಗೆ ಜೋಡಿಸಿದಷ್ಟೇ ದೊಡ್ಡದು. ಉಪಗ್ರಹ ಎಂದು ಕಾಗದದ ಮೇಲೆ ಬರೆಯುತ್ತಿದ್ದರು, ಬಾಯಲ್ಲಿ ಮಾತ್ರ ಎಲ್ಲರಿಗೂ ಡಬ್ಬಿಯೇ. ಮೋಡಗಳನ್ನು ಮೇಲಿನಿಂದ ನೋಡುವುದು, ಮಿಂಚನ್ನು ಎಣಿಸುವುದು, ಕೆಳಗಿರುವವರ ಕಣ್ಣಿಗೆ ಬೀಳದೆ ಮೋಡದ ನೆತ್ತಿಯಿಂದ ಮೇಲಕ್ಕೆ ಚಿಮ್ಮುವ ಮಿಂಚಿನ ಚಿತ್ರ ತೆಗೆಯುವುದು, ಇಷ್ಟು ಅದರ ಕೆಲಸ. ಅದಕ್ಕೊಂದು ಕಣ್ಣಿತ್ತು, ಒಂದು ಕ್ಯಾಮೆರಾ ಇತ್ತು. ಕಣ್ಣು ಮಿಂಚು ಕಂಡಾಗ ಕ್ಯಾಮೆರಾವನ್ನು ಎಬ್ಬಿಸಬೇಕು, ಕ್ಯಾಮೆರಾ ಚಿತ್ರ ತೆಗೆದು ಮತ್ತೆ ಮಲಗಬೇಕು. ಹಾರಿದ ಮೇಲೆ ಹನ್ನೊಂದು ದಿನ ಡಬ್ಬಿ ಸುಮ್ಮನೆ ತನ್ನ ಆರೋಗ್ಯ ಹೇಳಿಕೊಂಡು ಸುತ್ತಿತು. ಹನ್ನೆರಡನೆಯ ದಿನ ಚೂಟಿ ಬರೆದ ಪ್ರೋಗ್ರಾಂ ಇಲ್ಲಿಂದ ಮೇಲಕ್ಕೆ ಹೋಯಿತು. ಕಣ್ಣು, ಕ್ಯಾಮೆರಾ ಎರಡೂ ಅದೇ ದಿನ ಕೆಲಸ ಶುರು ಮಾಡಿದವು. ಅವತ್ತಿನಿಂದ ಬ್ಯಾಟರಿ ಇಳಿಯುತ್ತಲೇ ಇತ್ತು. ಎಂಟು ಪಾಯಿಂಟ್ ಒಂದು ವೋಲ್ಟ್ ಇದ್ದದ್ದು ಏಳೂವರೆ, ಏಳು, ಹೀಗೆ ದಿನ ದಿನಕ್ಕೆ. ಆರು ಪಾಯಿಂಟ್ ನಾಲ್ಕರ ಕೆಳಗೆ ಇಳಿದರೆ ಮತ್ತೆ ಏಳುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಈಗಂತೂ ಡಬ್ಬಿ ಬಿಸಿಲಿಗೆ ಬಂದಾಗ ಒಂದಿಷ್ಟು ಹೊತ್ತು ಎಚ್ಚರಾಗುವುದು, ತಾನಾಗಿಯೇ ಮತ್ತೆ ಕಣ್ಣು ತೆರೆಯುವುದು, ಮತ್ತೆ ಸುಸ್ತಾಗಿ ಬೀಳುವುದು.

"ಬಂತು ಬಂತು!" ಎಂದಳು ಚೂಟಿ. ರೇಡಿಯೋದಲ್ಲಿ ಕ್ರಿಕ್ ಎಂದು ಒಂದು ಸಣ್ಣ ಸದ್ದು. "ಆರು ಪಾಯಿಂಟ್ ಎಂಟು. ಕಳಿಸ್ತಾ ಇದೀನಿ... ಕಳಿಸ್ತಾ ಇದೀನಿ... ಛೇ! ಮಲಗ್ತು."

ತಪ್ಪು ಪ್ರೋಗ್ರಾಂನಲ್ಲೇ ಇದೆ, ಅದನ್ನು ಪೂರ್ತಿ ಅಳಿಸಿಹಾಕಿ ಎನ್ನುವುದು ದೊಡ್ಡ ಮೇಡಂ ಅಪ್ಪಣೆ. ವಿಭಾಗದ ಮುಖ್ಯಸ್ಥೆ ಅವರು, ಡಬ್ಬಿಯ ಯೋಜನೆಗೆ ಹೊಣೆ ಹೊತ್ತವರೂ ಅವರೇ. ಅಳಿಸುವ ಆಜ್ಞೆ ಉದ್ದದ್ದು. ಎರಡು ನಿಮಿಷ ಡಬ್ಬಿ ಎಡೆಬಿಡದೆ ಕೇಳಿಸಿಕೊಳ್ಳಬೇಕು. ಅದೋ ನಲವತ್ತು ಸೆಕೆಂಡಿಗಿಂತ ಹೆಚ್ಚು ಎಚ್ಚರವಿರುತ್ತಿರಲಿಲ್ಲ. ಬೆಳಿಗ್ಗೆ ಮೂರು ಸಲ, ಸಂಜೆ ಮೂರು ಸಲ ತಲೆಯ ಮೇಲೆ ಹಾಯುತ್ತಿತ್ತು, ಒಂದೊಂದು ಸಲಕ್ಕೆ ಒಂಬತ್ತು ನಿಮಿಷ. ಉಳಿದ ಹೊತ್ತೆಲ್ಲ ಭೂಮಿಯ ಆಚೆ.

ಒಂಬತ್ತು ನಿಮಿಷ ಮುಗಿಯಿತು. ಚೂಟಿ ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಚಹಾ ಬಗ್ಗಿಸಿಕೊಂಡು ಹೊರಗೆ ಬಂದಳು. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಮಿಸ್ತ್ರಿಗೊಂದು ಲೋಟ ಕೊಟ್ಟು ನೀರಿನ ಟ್ಯಾಂಕಿಗೆ ಒರಗಿ ಕೂತಳು.

"ಮೇಡಂ ನಾಳೆ ಡಬ್ಬಿಗೆ ದುಡ್ಡು ಕೊಟ್ಟ ಸಮಿತಿಗೆ ಪತ್ರ ಬರೀತಾರಂತೆ. ಪ್ರೋಗ್ರಾಂ ತಪ್ಪಿಂದ ಹೀಗಾಯ್ತು ಅಂತ."

"ಅವ್ರು ಹೇಳಿದ್ರಾ?"

"ನಂಗ್ ಮುಖ ಕೊಟ್ಟು ಹೇಳ್ಲಿಲ್ಲ. ಟೈಪ್ ಮಾಡೋರ ಹತ್ರ ಹೇಳ್ತಿದ್ರು. ಮೂರು ವರ್ಷ ಮಾವ. ಆ ಪತ್ರ ಹೋದ್ರೆ ನನ್ನ ಪ್ರಬಂಧ ಯಾರು ಮುಟ್ತಾರೆ? ಎಲ್ಲಿ ಹೋದ್ರೂ, ಓ ಡಬ್ಬಿ ಕೊಂದೋಳು ನೀನೇನಾ ಅಂತಾರೆ." ಅವಳು ಚಹಾ ಊದಿಕೊಂಡಳು. "ನಾನೇ ನೂರು ಸಲ ಓದಿದೀನಿ. ತಪ್ಪಿಲ್ಲ ಅನ್ಸುತ್ತೆ. ಈಗ ಈಗ, ಇದ್ರೂ ಇರ್ಬೋದೇನೋ ಅಂತಾನೂ ಅನ್ಸುತ್ತೆ."

ಮಿಸ್ತ್ರಿಯನ್ನು ನಗಿಸಲೆಂದೇ ಇರಬೇಕು, ಅವಳೇ ಮಾತು ಬದಲಿಸಿದಳು.

"ಒಂದು ತಮಾಷೆ ಕೇಳಿ. ಡಬ್ಬಿ ಕಣ್ಣಿಗೆ ಕೆಂಪು ಗಾಜು ಹಾಕಿದೀವಲ್ಲ, ಅದು ಒಂದೇ ಒಂದು ಥರದ ಕೆಂಪನ್ನ ಒಳಗೆ ಬಿಡುತ್ತೆ. ಮಿಂಚಲ್ಲಿ ಆ ಕೆಂಪು ಭರ್ತಿ ಇರುತ್ತೆ. ವೆಲ್ಡಿಂಗ್ ಬೆಳಕಲ್ಲಿ ಬಲು ಕಮ್ಮಿ. ನಾವು ಪೆದ್ದರ ಥರ ವೆಲ್ಡಿಂಗ್ ತೋರಿಸಿ ಪರೀಕ್ಷೆ ಮಾಡಿದ್ವಿ! ನಿಜ ಹೇಳ್ಬೇಕು ಅಂದ್ರೆ ಅದಕ್ಕೆ ಕಾಣಲೇಬಾರದಿತ್ತು. ಮೊದಲು ಕಾಣಲಿಲ್ಲ ನೋಡಿ, ಅದೇ ಸರಿ. ಆಮೇಲೆ ಹೇಗೆ ಕಂಡ್ತೋ! ತೀರಾ ಹತ್ರ ಹಿಡಿದ್ವಿ ಅಂತ ಕಾಣುತ್ತೆ. ಇಲ್ಲಾ ನಿಮ್ಮ ಕೈಗುಣ."

ಅವಳು ನಕ್ಕಳು. ಮಿಸ್ತ್ರಿಯ ಕೈಯಲ್ಲಿದ್ದ ಲೋಟ ವಾಲಿ ಚಹಾ ಬೆರಳ ಮೇಲೆ ಚೆಲ್ಲಿತು. ಬಿಸಿ ಅವನಿಗೆ ಗೊತ್ತಾಗಲೇ ಇಲ್ಲ.

ಡಬ್ಬಿಯನ್ನು ಕಳಿಸಿಕೊಟ್ಟ ದಿನದ ಮಧ್ಯಾಹ್ನ ಅದು. ಸಂಜೆ ಐದಕ್ಕೆ ವಾಹನ ಬರುವುದಿತ್ತು. ತಪ್ಪಿದರೆ ರಾಕೆಟ್ಟಿನಲ್ಲಿ ಡಬ್ಬಿಗೆ ಸಿಕ್ಕ ಜಾಗ ಬೇರೆಯವರ ಪಾಲು. ಕೊನೆಯ ಪರೀಕ್ಷೆ ಕಣ್ಣಿನದು. ನಿಜವಾದ ಮಿಂಚನ್ನು ಎಲ್ಲಿಂದ ತರುವುದು? ಟ್ರಾಲಿ, ನೇಗಿಲು, ಕೊಯ್ಲು ಯಂತ್ರಗಳನ್ನು ಬೆಸೆಯುವ ವರ್ಕ್‌ಶಾಪು ಪಕ್ಕದಲ್ಲೇ ಇದ್ದುದರಿಂದ, ವೆಲ್ಡಿಂಗ್ ಕಿಡಿಯೇ ಮಿಂಚು ಎಂದು ಎಲ್ಲರೂ ಒಪ್ಪಿದ್ದರು. ಪ್ಲಾಸ್ಟಿಕ್ ಹಾಳೆಯ ಗುಡಾರದೊಳಗೆ ಬಿಳಿ ಕೋಟು, ತಲೆಗೆ ಟೋಪಿ, ಕೈಗೆ ರಬ್ಬರ್ ಗವಸು ಹಾಕಿಕೊಂಡು ಡಬ್ಬಿಯ ಹತ್ತಿರ ಹೋಗಲು ಇಬ್ಬರಿಗೆ ಮಾತ್ರ ಬಿಡುತ್ತಿದ್ದರು. ಕೈ ನಡುಗದವನು ಎಂದು ಮಿಸ್ತ್ರಿ ಅವರಲ್ಲೊಬ್ಬ. ಚೂಟಿ ಆಚೆ ಕೋಣೆಯಲ್ಲಿ ಅಂಕಿ ನೋಡುತ್ತಿದ್ದಳು. ಮಿಸ್ತ್ರಿ ಹೊರಗೆ ಹೋಗಿ ಚಕ್ ಎಂದು ಕಿಡಿ ಹಾರಿಸುವುದು, "ಕಂಡ್ತಾ?" ಎಂದು ಕೂಗುವುದು, ಅವಳು "ಇಲ್ಲ" ಎನ್ನುವುದು. ಹತ್ತಿರ ತಂದ. ಇನ್ನೂ ಹತ್ತಿರ ತಂದ. ಇಲ್ಲ, ಇಲ್ಲ, ಇಲ್ಲ. ಗಂಟೆ ನಾಲ್ಕಾಯಿತು. ಅವಳ ದನಿ ಅಳುವ ಹಾಗಾಯಿತು. ಮೇಡಂ ಸಹಿಗಳಿಗಾಗಿ ಆಫೀಸಿನಲ್ಲಿದ್ದರು.

ಕಣ್ಣಿನ ಪಕ್ಕದಲ್ಲಿ ಸಾಸಿವೆಕಾಳಿನಷ್ಟು ಒಂದು ಸ್ಕ್ರೂ ಇತ್ತು. ಎಷ್ಟು ಬೆಳಕು ಬಿದ್ದರೆ ಅದನ್ನು ಮಿಂಚು ಎಂದು ತಿಳಿಯಬೇಕು ಎನ್ನುವುದು ಅದರಲ್ಲಿ. ಚೂಟಿ ಮತ್ತು ಮೇಡಂ ಎರಡು ತಿಂಗಳು ಲೆಕ್ಕ ಹಾಕಿ ಅದನ್ನು ನಿಲ್ಲಿಸಿ, ಕೆಂಪು ಅರಗಿನ ಚುಕ್ಕೆ ಇಟ್ಟು ಮುಚ್ಚಿದ್ದರು. ಮಿಸ್ತ್ರಿ ಜನ್ಮವಿಡೀ ಮಾಡಿದ ಕೆಲಸವೆಂದರೆ ಇಂಥದ್ದೇ. ಪಂಪು ನೀರೆತ್ತದಿದ್ದರೆ, ಟ್ರ್ಯಾಕ್ಟರು ಉಬ್ಬಸ ಪಟ್ಟರೆ, ಬಿತ್ತನೆ ಯಂತ್ರ ಕಾಳು ಬಿಡದಿದ್ದರೆ, ಕಿವಿಗೊಟ್ಟು ಕೇಳಿ ಒಂದು ಕೂದಲೆಳೆಯಷ್ಟು ತಿರುಗಿಸುವುದು. ಯಾರನ್ನೂ ಕೇಳಿ ತಿರುಗಿಸಿದವನಲ್ಲ. ಕೈ ಹೇಳುತ್ತಿತ್ತು, ಯಂತ್ರ ಎದ್ದು ನಿಲ್ಲುತ್ತಿತ್ತು. ಅವತ್ತೂ ಅಷ್ಟೇ. ಕಣ್ಣಿಗೆ ಮಂಪರು ಹಿಡಿದಿದೆ ಎಂದುಕೊಂಡ. ಅರಗು ಬಿಡಿಸಿ, ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ತಿರುಗಿಸಿ, ಮತ್ತೆ ಅದೇ ಕೆಂಪು ಅರಗಿಟ್ಟ. ಹೊರಗೆ ಹೋಗಿ ಕಿಡಿ ಹಾರಿಸಿದ. "ಕಂಡ್ತು!" ಎಂದು ಚೂಟಿ ಕಿರುಚಿದ್ದು ವರ್ಕ್‌ಶಾಪಿನ ತಗಡಿನ ಮಾಡಿಗೆ ಬಡಿದು ಬಂದಿತ್ತು. ಅವಳು ಓಡಿಬಂದು ಅವನ ಎರಡೂ ಕೈ ಹಿಡಿದು ಕುಣಿದಿದ್ದಳು. ಹೇಳಬೇಕೆಂದು ಅವನಿಗೆ ಹೊಳೆಯಲೂ ಇಲ್ಲ. ಸಣ್ಣ ಕೆಲಸ, ಅದನ್ನೇನು ಹೇಳುವುದು.

ಈಗ ಹೊಳೆಯಿತು. ಕಾಣಬಾರದ್ದನ್ನು ಕಾಣುವ ಹಾಗೆ ಆ ಕಣ್ಣನ್ನು ತಾನೇ ಬಿಡಿಸಿಟ್ಟಿದ್ದೇನೆ. ವೆಲ್ಡಿಂಗಿನ ಆ ಚೂರು ಕೆಂಪಿಗೇ ಬೆಚ್ಚುವ ಕಣ್ಣು, ಬಿಸಿಲು ಬಿದ್ದು ಹೊಳೆಯುವ ಒಂದೊಂದು ಮೋಡದ ಅಂಚಿಗೂ ಮಿಂಚು ಮಿಂಚು ಎಂದು ಕ್ಯಾಮೆರಾವನ್ನು ಎಬ್ಬಿಸುತ್ತಿದೆ. ಅದಕ್ಕೆ ನಿದ್ದೆಯೇ ಇಲ್ಲ. ಬ್ಯಾಟರಿ ಇಳಿಯದೆ ಇನ್ನೇನಾದೀತು?

"ಯಾಕೆ ಮಾವ, ಮುಖ ಹೀಗಾಯ್ತು?"

"ಏನಿಲ್ಲ. ಚಹಾ ಬಿಸಿ ಇತ್ತು."

ಅಷ್ಟು ಹೇಳಿ ಕೆಳಗಿಳಿದು ಹೋದ. ಹೇಳುವುದು ಎಷ್ಟು ಹೊತ್ತಿನ ಮಾತು? ಬಾಯಿ ತೆರೆದರೆ ಮುಗಿಯಿತು. ಆದರೆ ಮೂವತ್ತೊಂದು ವರ್ಷದಿಂದ ಮಿಸ್ತ್ರಿ ಮುಟ್ಟಿದ್ದು ಕೆಡುವುದಿಲ್ಲ ಎಂದು ಎಲ್ಲರೂ ಆಡಿಕೊಂಡ ಮಾತೇ ಅವನ ಮೈಯ ಮೂಳೆಯಾಗಿ ಹೋಗಿತ್ತು. ಅದೊಂದನ್ನು ಎಳೆದು ತೆಗೆದರೆ ತಾನು ನಿಲ್ಲುವುದು ಯಾವುದರ ಮೇಲೆ? ಮಧ್ಯಾಹ್ನದೊಳಗೆ ಹೇಳುತ್ತೇನೆ ಎಂದುಕೊಂಡ. ಬೆಳಗಿನ ಎರಡನೆಯ ಸಲ ಡಬ್ಬಿ ಹಾದುಹೋಯಿತು. ಮೂರನೆಯದೂ ಹೋಯಿತು. ಸಂಜೆಯ ಮೂರು ಸಲವೂ ಅವನು ಹಿಡಿಕೆ ತಿರುಗಿಸಿದ, ಅವಳು ದಿಕ್ಕಿನ ಅಂಕಿ ಕೂಗಿದಳು. ಎರಡನೆಯ ಸಲ ಡಬ್ಬಿ ಎಚ್ಚರವಿದ್ದದ್ದು ಮೂವತ್ತು ಸೆಕೆಂಡು. ಮೂರನೆಯ ಸಲಕ್ಕೆ ಇಪ್ಪತ್ತೈದು. ತಾನು ಕಟ್ಟಿದ ಗೂಟಕ್ಕೇ ಹಸು ಉರುಲು ಬಿದ್ದು ಒದ್ದಾಡುವುದನ್ನು ಕೈಕಟ್ಟಿ ನೋಡಿದಂತಿತ್ತು.

ಮನೆಗೆ ಹೋದರೆ ಹೆಂಡತಿಯ ಅಣ್ಣ ಬಂದು ಕೂತಿದ್ದ. ಹೊಲಗಳ ಆಚೆಯ ಗುಡ್ಡದಲ್ಲಿ ಕುರಿ ಮೇಯಿಸುವವನು. ಹೋದ ವರ್ಷ ಒಂದೇ ಒಂದು ಸಿಡಿಲಿಗೆ ಅವನ ಹದಿನಾಲ್ಕು ಕುರಿ ಒಂದೇ ಮರದ ಕೆಳಗೆ ಕಾಲು ಚಾಚಿ ಬಿದ್ದಿದ್ದವು.

"ಬಂದ್ರಪ್ಪ ಆಕಾಶದ ಯಜಮಾನ್ರು," ಎಂದ ಭಾವ. "ಏನಂತಾಳೆ ನಿನ್ನ ಡಬ್ಬಿರಾಣಿ? ನಾಳೆ ಕುರಿ ಗುಡ್ಡ ಹತ್ತಿಸ್ಲಾ, ಬೇಡ್ವಾ?"

"ಅದು ಹಾಗೆಲ್ಲ ಹೇಳಲ್ಲ ಭಾವ. ಮೊದಲು ನೋಡುತ್ತೆ, ಎಣಿಸುತ್ತೆ. ವರ್ಷಗಟ್ಲೆ ಎಣಿಸಿದ್ಮೇಲೆ ಯಾರಾದ್ರೂ ಹೇಳ್ತಾರೆ."

"ವರ್ಷಗಟ್ಲೆ! ಅಷ್ಟೊತ್ತಿಗೆ ಕುರಿ ಇರಲ್ಲ, ನಾನೂ ಇರಲ್ಲ. ಹೋಗ್ಲಿ, ಎಣಿಸ್ಲಿ. ನಮ್ಮ ಹದಿನಾಲ್ಕನ್ನೂ ಸೇರಿಸ್ಕೊಳ್ಳೋಕೆ ಹೇಳು." ನಗುತ್ತಲೇ ಎದ್ದು ಹೋದ. ಚಪ್ಪಲಿ ಮೆಟ್ಟುವಾಗ ಮಾತ್ರ ತಿರುಗಿ, "ನಿಜ ಹೇಳ್ಬೇಕು ಅಂದ್ರೆ, ನೀನು ಅದಕ್ಕೆ ಕೈ ಹಾಕಿದೀಯ ಅಂತ ನಮ್ಮ ಕಡೆ ಎಲ್ಲರಿಗೂ ಒಂದು ಧೈರ್ಯ ನೋಡು," ಎಂದ.

ಹೆಂಡತಿ ತಟ್ಟೆ ಇಟ್ಟಳು. ಅವನು ತುತ್ತು ಕಲಸಿದ, ಎತ್ತಲಿಲ್ಲ. ಅವಳು ಎದುರು ಕೂತು ಕಾದಳು. ಅವಳಿಗೆ ಅವನ ಮೌನಗಳೆಲ್ಲ ಪರಿಚಯ. ಯಾವುದು ಹೊಟ್ಟೆನೋವಿನದು, ಯಾವುದು ಸಿಟ್ಟಿನದು, ನೋಡಿಯೇ ಹೇಳಬಲ್ಲಳು. ಇದು ಎರಡೂ ಅಲ್ಲ. ಕೊನೆಗೆ ಅವನೇ ಎಲ್ಲ ಹೇಳಿದ. ಸ್ಕ್ರೂ, ಅರಗು, ಕೆಂಪು, ನಾಳೆಯ ಪತ್ರ.

"ನನ್ನ ಹತ್ರ ಹೇಳಿದ್ರೆ?" ಎಂದಳು ಅವಳು. "ನಾನೇನು ಮೇಲೆ ಹೋಗಿ ತಿರುಗಿಸಿ ಬರ್ಲಾ?"

"ಹೇಳಿದ್ರೂ ಉಳಿಯುತ್ತೋ ಇಲ್ವೋ."

"ಅದು ಉಳಿಯೋದು ನಿಮ್ಮ ಕೈಲಿಲ್ಲ. ಆ ಹುಡುಗಿ ಉಳಿಯೋದು ಇದೆಯಲ್ಲ." ಅವಳು ಎದ್ದು ನೀರಿನ ಲೋಟ ಅವನ ಹತ್ತಿರ ತಳ್ಳಿದಳು. "ಬೆಳಿಗ್ಗೆಯಿಂದ ಅವಳ ಮುಖ ನೋಡ್ಕೊಂಡು ಹೇಗೆ ಹಿಡಿಕೆ ತಿರುಗಿಸಿದ್ರಿ? ನನ್ನ ಕೈಲಂತೂ ಆಗ್ತಿರ್ಲಿಲ್ಲ."

ಮಾರನೆಯ ದಿನ ಹೇಳಿಯೇಬಿಡುವುದೆಂದು ಹೋದವನು ಮಾಳಿಗೆ ಹತ್ತಿದಾಗ ಬೆಳಗಿನ ಮೊದಲನೆಯ ಹಾಯುವಿಕೆ ಶುರುವಾಗಿಯೇ ಬಿಟ್ಟಿತ್ತು. ಚೂಟಿ ತಾನೇ ಹಿಡಿಕೆ ಹಿಡಿದು ಒದ್ದಾಡುತ್ತಿದ್ದಳು. "ಬೇಗ ಬನ್ನಿ ಮಾವ!" ಎಂದು ಬಿಟ್ಟು ಓಡಿದಳು. ಬಾಯಿ ತೆರೆಯಲು ಎಡೆಯಿರಲಿಲ್ಲ, ಅಥವಾ ಇರಲಿಲ್ಲವೆಂದು ಅವನು ಅಂದುಕೊಂಡ. ಒಂಬತ್ತು ನಿಮಿಷ. ಆರು ಪಾಯಿಂಟ್ ನಾಲ್ಕು ಐದು. ಇಪ್ಪತ್ತು ಸೆಕೆಂಡು ಎಚ್ಚರ. ಅಳಿಸುವ ಆಜ್ಞೆ ಕಾಲುಭಾಗವೂ ಹೋಗಲಿಲ್ಲ.

ಅವಳು ಕೋಣೆಯಿಂದ ಹೊರಗೆ ಬರಲಿಲ್ಲ. ಇಣುಕಿದರೆ ಮೇಜಿನ ಮೇಲೆ ತಲೆಯಿಟ್ಟಿದ್ದಳು. ಅಳುತ್ತಿರಲಿಲ್ಲ, ಸುಮ್ಮನೆ ಇಟ್ಟಿದ್ದಳು. ಮಿಸ್ತ್ರಿ ಅಲ್ಲಿಂದ ನೇರ ಮೇಡಂ ಕೋಣೆಗೆ ಇಳಿದ.

ಮೇಡಂ ಪತ್ರ ತಿದ್ದುತ್ತಿದ್ದರು. ಕನ್ನಡಕ ತೆಗೆಯದೆ, "ಮೋಟಾರು ಬಂತಾ?" ಎಂದರು.

"ಇಲ್ಲ ಮೇಡಂ. ಡಬ್ಬಿ ಕೆಟ್ಟಿದ್ದು ಆ ಹುಡುಗಿಯಿಂದಲ್ಲ. ನನ್ನಿಂದ."

ಅವನು ಹೇಳಿದ. ನಿಂತುಕೊಂಡೇ, ಒಂದೊಂದಾಗಿ. ಮೇಡಂ ಕೇಳಿಸಿಕೊಂಡರು. ಅವರ ಮುಖದಲ್ಲಿ ಸಿಟ್ಟಿನ ಬದಲು ಒಂದು ಬಗೆಯ ಕನಿಕರ ಮೂಡಿದ್ದನ್ನು ನೋಡಿ ಮಿಸ್ತ್ರಿಗೆ ಗಾಬರಿಯಾಯಿತು.

"ಮಿಸ್ತ್ರಿ, ನಿಮ್ಮ ಮನಸ್ಸು ದೊಡ್ಡದು. ಅವಳಂದ್ರೆ ನಿಮಗೆ ಮಗಳ ಹಾಗೆ, ನನಗೂ ಗೊತ್ತು. ಹಾಗಂತ ಅವಳ ತಪ್ಪನ್ನ ನೀವು ತಲೆ ಮೇಲೆ ಹೊತ್ಕೋಬೇಡಿ. ನೀವು ಹೇಳದೆ ಕೇಳದೆ ಹಾಗೆ ಮಾಡೋರೇ ಅಲ್ಲ."

"ಮಾಡಿದೀನಿ ಮೇಡಂ."

"ಹೋಗಿ, ಸ್ವಲ್ಪ ಕೂತ್ಕೊಳ್ಳಿ."

ನಂಬಿಸಲು ಇಷ್ಟು ಕಷ್ಟಪಡಬೇಕಾದೀತೆಂದು ಅವನು ಎಣಿಸಿರಲಿಲ್ಲ. ಗೋಡೆಯ ಗಡಿಯಾರ ನೋಡಿದ. ಎರಡನೆಯ ಹಾಯುವಿಕೆಗೆ ಒಂದು ಗಂಟೆ ಐದು ನಿಮಿಷವಿತ್ತು. "ತಂಗಿ ಡಬ್ಬಿ ಕೊಡಿ," ಎಂದ. ದನಿ ಏರಿತ್ತು. "ಕೈಯಲ್ಲೇ ತೋರಿಸ್ತೀನಿ. ಇಲ್ಲಾಂದ್ರೆ ಇಲ್ಲೇ ನಿಮ್ಮ ಬಾಗಿಲಲ್ಲಿ ಕೂತಿರ್ತೀನಿ."

ಡಬ್ಬಿಯನ್ನು ಕಟ್ಟುವಾಗ ಎರಡು ಕಟ್ಟಿದ್ದರು. ಒಂದು ಹಾರಿತು, ಥೇಟ್ ಅದರಂತೆಯೇ ಇದ್ದ ಇನ್ನೊಂದು ಪರೀಕ್ಷೆಗೆಂದು ಗಾಜಿನ ಬೀರುವಿನಲ್ಲಿ ಉಳಿದಿತ್ತು. ಅದಕ್ಕೆ ತಂಗಿ ಎನ್ನುತ್ತಿದ್ದರು. ಮೇಡಂ ಅರೆಮನಸ್ಸಿನಿಂದ ಬೀಗದಕೈ ಕೊಟ್ಟರು. ಮಿಸ್ತ್ರಿ ಅದನ್ನೆತ್ತಿಕೊಂಡು ಮೆಟ್ಟಿಲು ಹತ್ತಿದ. ಹಿಂದೆ ಮೇಡಂ ಬಂದರು. ಚೂಟಿ ಏನೂ ಅರ್ಥವಾಗದೆ ಕಂಪ್ಯೂಟರಿಗೆ ತಂತಿ ಸಿಕ್ಕಿಸಿದಳು.

ಆಕಾಶದಲ್ಲಿ ಬಿಳಿ ಮೋಡಗಳ ಹಿಂಡು ಮೆಲ್ಲಗೆ ಸಾಗುತ್ತಿತ್ತು, ಅಂಚುಗಳು ಬಿಸಿಲಿಗೆ ಕಣ್ಣು ಕುಕ್ಕುವಂತಿದ್ದವು. ತಂಗಿಯ ಕಣ್ಣನ್ನು ಅವುಗಳ ಕಡೆ ತಿರುಗಿಸಿಟ್ಟರು. ಒಂದು ನಿಮಿಷ. ಲೆಕ್ಕದ ಚೌಕದಲ್ಲಿ ಸೊನ್ನೆ, ಸೊನ್ನೆಯೇ.

"ಈಗ," ಎಂದು ಮಿಸ್ತ್ರಿ ಸಣ್ಣ ಸ್ಕ್ರೂಡ್ರೈವರ್ ತೆಗೆದ. ಕಣ್ಣು ಮುಚ್ಚಿಕೊಂಡ. ಅವತ್ತು ಮಣಿಕಟ್ಟು ಎಲ್ಲಿಗೆ ಹೋಗಿ ನಿಂತಿತ್ತೋ ಅಲ್ಲಿಗೇ ಹೋಗಿ ನಿಲ್ಲಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ತಿರುಗಿಸಿದ. ಕೈ ತೆಗೆದ.

ಒಂದು. ಎರಡು. ಐದು. ಒಂಬತ್ತು. ಚೌಕದಲ್ಲಿ ಅಂಕಿ ಮೇಲೇರುತ್ತಿತ್ತು. ಪ್ರತಿ ಅಂಕಿಗೂ ಒಳಗೆ ಕ್ಯಾಮೆರಾ ಟಿಕ್ ಎಂದು ಏಳುವ ಸದ್ದು. ನಿಮಿಷ ಮುಗಿದಾಗ ಮೂವತ್ತೆಂಟು. ಎಲ್ಲಿಯೂ ಮಿಂಚಿರಲಿಲ್ಲ, ಮೋಡ, ಬಿಸಿಲು, ಅಷ್ಟೇ.

ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ದೇವರೇ," ಎಂದರು. "ಕ್ಯಾಮೆರಾ ಮಲಗೋದೇ ಇಲ್ಲ."

ಚೂಟಿ ಮಿಸ್ತ್ರಿಯನ್ನೇ ನೋಡುತ್ತಿದ್ದಳು. "ಯಾವಾಗ ಗೊತ್ತಾಯ್ತು ನಿಮಗೆ?"

"ನಿನ್ನೆ," ಎಂದ. ಅವಳ ನೋಟ ಸರಿಯಲಿಲ್ಲ. "ಮನೆಗೆ ಹೋದ್ಮೇಲೆ ಹೊಳೀತು. ಊಟಕ್ಕೆ ಕೂತಾಗ."

ಆ ಸುಳ್ಳು ಎಲ್ಲಿಂದ ಬಂತೋ ಅವನಿಗೇ ತಿಳಿಯಲಿಲ್ಲ. ನಿಜದ ಗಾಡಿಯಲ್ಲೇ ಕೂತು ಬಂದ ಸುಳ್ಳು. ವಿಚಾರಿಸಲು ಯಾರಿಗೂ ಹೊತ್ತಿರಲಿಲ್ಲ. "ಅಳಿಸೋದು ಬೇಡ," ಎಂದು ಮೇಡಂ ಕೂಗಿದರು. "ಕಣ್ಣು ಮುಚ್ಚು ಅಂತ ಕಳಿಸು! ಅದು ಒಂದೇ ಸಾಲು, ಮೂರು ಸೆಕೆಂಡ್ ಸಾಕು. ನಿಂತೇ ಇರ್ತೀಯಲ್ಲ, ಬೇಗ!"

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಮಿಸ್ತ್ರಿ ಹಿಡಿಕೆ ಹಿಡಿದ. ಮೇಡಂ ಅವನ ಪಕ್ಕದಲ್ಲಿ ನಿಂತು, ಅಂಕಿಗಳು ಕೇಳಿಸದೇ ಹೋದಾವೆಂದು ತಾವೂ ಮತ್ತೆ ಕೂಗುತ್ತಿದ್ದರು. ಇಪ್ಪತ್ತು, ಮೂವತ್ತು, ಐವತ್ತು. ರೇಡಿಯೋದಲ್ಲಿ ಬರೀ ಸುಯ್ ಎನ್ನುವ ಶಬ್ದ. ಚೂಟಿ ಐದೈದು ಸೆಕೆಂಡಿಗೊಮ್ಮೆ ಅದೇ ಸಾಲನ್ನು ಕಳಿಸುತ್ತಿದ್ದಳು. ಡಬ್ಬಿ ನೆತ್ತಿಗೆ ಬಂದಿರಬೇಕು. ಮಿಸ್ತ್ರಿಯ ಅಂಗಿ ಬೆನ್ನಿಗೆ ಅಂಟಿತ್ತು, ಅಂಗೈ ಜಾರುತ್ತಿತ್ತು. ಏಳು ಅವ್ವಾ, ಏಳು, ಒಂದೇ ಒಂದು ಸಲ, ಎಂದು ಬಾಯೊಳಗೇ ಅನ್ನುತ್ತಿದ್ದ. ಹಳ್ಳಕ್ಕೆ ಬಿದ್ದ ಹಸುವನ್ನು ಎಬ್ಬಿಸುವಾಗ ಅನ್ನುವ ಮಾತದು.

ಏಳನೆಯ ನಿಮಿಷದಲ್ಲಿ ಕ್ರಿಕ್ ಎಂದಿತು.

"ಬಂತು! ಆರು ಪಾಯಿಂಟ್ ನಾಲ್ಕು ಒಂದು... ಕಣ್ಣು... ಕಣ್ಣು ಸೊನ್ನೆ! ಮುಚ್ತು! ಮೇಡಂ, ಮಾವ, ಮುಚ್ಚಿದೆ!"

ಮೇಡಂ ಅಲ್ಲಿಯೇ ಕುಕ್ಕರಿಸಿ ಕೂತುಬಿಟ್ಟರು. ಚೂಟಿ ಹೊರಗೆ ಹಾರಿಬಂದು ಅವರ ಭುಜ ಅಲುಗಾಡಿಸಿದಳು. ಮಿಸ್ತ್ರಿ ಮಾತ್ರ ಹಿಡಿಕೆ ಬಿಡಲಿಲ್ಲ. ಇನ್ನೂ ಎರಡು ನಿಮಿಷ ಬಾಕಿಯಿತ್ತು, ಅವನು ದಿಕ್ಕು ತಪ್ಪದಂತೆ ಕೊನೆಯವರೆಗೂ ತಿರುಗಿಸಿದ. ರೇಡಿಯೋ ಮತ್ತೆ ಮಾತಾಡಲಿಲ್ಲ.

"ಇನ್ನು ಒಂದೆರಡು ಸುತ್ತು ಬಿಸಿಲು ಕುಡಿದ್ರೆ ಸಾಕು," ಎಂದಳು ಚೂಟಿ. ಕಾಗದ ಎಳೆದುಕೊಂಡು ಲೆಕ್ಕ ಹಾಕತೊಡಗಿದಳು. ಆರು ಪಾಯಿಂಟ್ ನಾಲ್ಕು ಒಂದು. ಮುಂದೆ ನೆರಳಿನ ಭಾಗ ಮೂವತ್ತೈದು ನಿಮಿಷ. ಲೆಕ್ಕ ಮುಗಿದಿರಬೇಕು, ಪೆನ್ನು ನಿಂತಿತು. ಉತ್ತರವನ್ನು ಅವಳು ಯಾರಿಗೂ ಹೇಳಲಿಲ್ಲ.

ಹನ್ನೆರಡೂವರೆಗೆ ಡಬ್ಬಿ ಮೇಲೆ ಹಾದಾಗ ಏನೂ ಕೇಳಿಸಲಿಲ್ಲ. ಸಂಜೆ ಮೂರು ಸಲವೂ ಇಲ್ಲ. ಮಾರನೆಯ ದಿನ ಆರು ಸಲ, ಅದರ ಮಾರನೆಯ ದಿನ ಆರು ಸಲ. ಮೋಟಾರು ಬಂತು; ಮಿಸ್ತ್ರಿಯೇ ಕೂಡಿಸಿದ. ಈಗ ಆಂಟೆನಾ ತಾನಾಗಿಯೇ ಝುಂಯ್ ಎಂದು ತಿರುಗಿ, ಏನೂ ಇಲ್ಲದ ಕಡೆಯಿಂದ ಏನೂ ಇಲ್ಲದ ಕಡೆಗೆ ಹೋಗಿ ನಿಲ್ಲುತ್ತಿತ್ತು. ಐದನೆಯ ದಿನ ಮೇಡಂ, "ಸಾಕು," ಎಂದರು. ಮಾತು ಕೇಳಿ ಕಣ್ಣು ಮುಚ್ಚಿದ್ದೇ ಅದು ಮಾಡಿದ ಕೊನೆಯ ಕೆಲಸ.

ಸಮಿತಿಗೆ ಹೋಗಬೇಕಾದ ಪತ್ರವನ್ನು ಹರಿದು ಹೊಸದು ಬರೆಯುವುದೆಂದಾಯಿತು. ನಡೆದದ್ದು ನಡೆದ ಹಾಗೆ ಬರೆ ಎಂದು ಮೇಡಂ ಚೂಟಿಗೇ ವಹಿಸಿದರು. ಮಿಸ್ತ್ರಿಯ ಹೇಳಿಕೆಗಾಗಿ ಅವಳು ವರ್ಕ್‌ಶಾಪಿಗೆ ಬಂದಳು. ಎರಡು ನೊಗದ ಮರಗಳ ಮೇಲೆ ಹಲಗೆ ಹಾಕಿದ ಅವನ ಮೇಜಿನ ಮೇಲೆ ಕಂಪ್ಯೂಟರ್, ಪ್ರಿಂಟರ್ ಇಟ್ಟುಕೊಂಡು, ಬರೆದದ್ದನ್ನು ಓದಿ ಹೇಳಿದಳು. ದನಿ ಮೆತ್ತಗಿತ್ತು, ಈ ನಾಲ್ಕು ದಿನ ಅವಳು ಅವನ ಮೇಲೆ ಒಂದು ಕಟುಮಾತೂ ಆಡಿರಲಿಲ್ಲ. ಅವನು ಊಟದ ಡಬ್ಬ ಮರೆತುಬಂದ ದಿನ ತನ್ನದರಲ್ಲಿ ಅರ್ಧ ಕೊಟ್ಟಿದ್ದಳು.

"ಪರೀಕ್ಷೆ ವೇಳೆಯಲ್ಲಿ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಲಾಯಿತು. ಸರಿನಾ?"

"ಅರ್ಧ ಸುತ್ತಿಗಿಂತ ಸ್ವಲ್ಪ ಕಡಿಮೆ ಅಂತ ಬರಿ. ಅರ್ಧ ಅಂದ್ರೆ ತಪ್ಪಾಗುತ್ತೆ."

"ಬರೀತೀನಿ. ಮುಂದೆ ಕೇಳಿ. ತಪ್ಪು ಅರಿವಿಗೆ ಬಂದ ಕೂಡಲೇ, ಮಾರನೆಯ ದಿನ ಕೆಲಸಕ್ಕೆ ಬಂದೊಡನೆ, ಅವರು ಸ್ವತಃ ಮುಖ್ಯಸ್ಥರಿಗೆ ತಿಳಿಸಿದರು." ಅವಳು ತಲೆಯೆತ್ತಿದಳು. "ಇದನ್ನ ನಾನೇ ಸೇರಿಸಿದ್ದು. ಸಮಿತಿಯವರಿಗೆ ಗೊತ್ತಾಗ್ಲಿ ಅಂತ. ಬೇರೆ ಯಾರಾದ್ರೂ ಆಗಿದ್ರೆ ಬಾಯಿಬಿಡ್ತಾನೇ ಇರ್ಲಿಲ್ಲ."

ಆಚೆ ಯಾರೋ ತಗಡು ಕತ್ತರಿಸುತ್ತಿದ್ದರು. ಮಿಸ್ತ್ರಿ ಆ ಸದ್ದು ನಿಲ್ಲುವವರೆಗೂ ಕಾದ.

"ಆ ಸಾಲು ಸುಳ್ಳು ತಾಯಿ. ತೆಗಿ."

"ಯಾವುದು?"

"ಕೂಡಲೇ ಅನ್ನೋದು. ಊಟಕ್ಕೆ ಕೂತಾಗ ಹೊಳೀಲಿಲ್ಲ ನನಗೆ. ನೀನು ಕೆಂಪಿನ ವಿಷಯ ಹೇಳಿದ್ಯಲ್ಲ, ಚಹಾ ಕುಡೀತಾ, ಆಗಲೇ ಗೊತ್ತಾಯ್ತು. ಅಲ್ಲೇ ಹೇಳ್ಬಹುದಿತ್ತು. ಹೇಳ್ಲಿಲ್ಲ. ಆಮೇಲೆ ಆರು ಸಲ ಹಾದುಹೋಯ್ತು. ಆರು ಸಲವೂ ನಾನೇ ತಿರುಗಿಸಿದೆ."

ಚೂಟಿಯ ಬೆರಳು ಕೀಲಿಗಳ ಮೇಲೆ ಹಾಗೆಯೇ ಉಳಿದವು. ಅವಳು ಪರದೆಯನ್ನೇ ನೋಡುತ್ತಿದ್ದಳು.

"ಅವತ್ತು ನಾವು ಚಹಾ ಕುಡಿಯೋಕೆ ಮುಂಚೆ ಎಷ್ಟಿತ್ತು, ನೆನಪಿದೆಯಾ?" ಎಂದಳು.

"ಆರು ಪಾಯಿಂಟ್ ಎಂಟು."

"ಆರು ಪಾಯಿಂಟ್ ಏಳಿದ್ರೂ ಉಳೀತಿತ್ತು. ನಾಲ್ಕು ದಿನದಿಂದ ಬೇರೆ ಬೇರೆ ಥರ ಲೆಕ್ಕ ಹಾಕ್ತಾ ಇದೀನಿ. ಸಂಜೆ ಮೊದಲನೇ ಸಲ ಕಳಿಸಿದ್ರೂ ಉಳೀತಿತ್ತು." ಅವಳು ಪರದೆಯಿಂದ ಮುಖ ತಿರುಗಿಸಿದಳು. "ಯಾಕೆ ಹೇಳಿದ್ರಿ ಇದನ್ನ ನನಗೆ? ಸುಮ್ಮನಿದ್ದಿದ್ರೆ ಆಗ್ತಿರ್ಲಿಲ್ವಾ?"

ಅವಳು ಎದ್ದು ಬಾಗಿಲ ತನಕ ಹೋದಳು. ಹೊರಗೆ ಕೊಯ್ಲು ಯಂತ್ರದ ಪಕ್ಕ, ಇತ್ತ ಬೆನ್ನು ಮಾಡಿ ನಿಂತಳು. ಮಿಸ್ತ್ರಿ ಮೇಜಿನ ಮೇಲಿದ್ದ ಕಬ್ಬಿಣದ ಪುಡಿಯನ್ನು ಅಂಗೈಯಿಂದ ಒಂದು ಕಡೆ ಗುಡಿಸುತ್ತ ಕೂತ. ಅವಳು ಹೊರಟುಹೋಗುತ್ತಾಳೆ ಎಂದುಕೊಂಡ. ಹೋದರೂ ಸರಿಯೇ.

ಸ್ವಲ್ಪ ಹೊತ್ತಿನ ಮೇಲೆ ಅವಳು ಬಂದು ಕೂತಳು. ಕಣ್ಣು ಕೆಂಪಾಗಿದ್ದವು. ಆ ಸಾಲನ್ನು ಅಳಿಸಿದಳು. ಹೊಸ ಸಾಲು ಬರೆಯಲು ಶುರು ಮಾಡಿ ನಡುವೆ ನಿಲ್ಲಿಸಿದಳು.

"ಆರು ಅನ್ನೋದನ್ನ ಅಂಕಿಯಲ್ಲಿ ಬರೀಲಾ, ಅಕ್ಷರದಲ್ಲಾ?"

"ಎರಡರಲ್ಲೂ ಬರಿ," ಎಂದ ಮಿಸ್ತ್ರಿ.

ಅವಳು ಬರೆದಳು. ಅವನು ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಪ್ರಿಂಟರಿನಿಂದ ಕಾಗದ ಹೊರಗೆ ಬರುವುದನ್ನೇ ಕಾಯುತ್ತ ಕೂತ.